ಗಂಡನ ಮೂಗಾಗಿದ್ದವಳು

ಬಾಲಗಾಂವದ ಶಿವಶರಣನಿಗೆ ವಾಸನೆ ತಿಳಿಯದಂತಾಗಿ ಒಂಬತ್ತು ವರ್ಷವಾಗಿತ್ತು. ಮೊದಮೊದಲು ಎಲ್ಲರೂ ಅದನ್ನು ನೆಗಡಿ ಎಂದೇ ತಿಳಿದಿದ್ದರು. ಬೇಸಿಗೆ ಬಂದರೂ ಬಿಡದ ನೆಗಡಿ. ಮೂಗು ಕಟ್ಟಿ ಬಾಯಿಂದ ಉಸಿರಾಡುತ್ತಿದ್ದ. ಹಣೆ ಭಾರವೆಂದು ರುಮಾಲು ಬಿಗಿದುಕೊಂಡು ತೋಟಕ್ಕೆ ಹೋಗುತ್ತಿದ್ದ. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ, ತಳ ಹತ್ತಿ, ಮನೆಯೆಲ್ಲ ಕಮರು ತುಂಬಿತು. ಶಿವಶರಣ ಅಲ್ಲೇ ಕೂತು ಪೇಪರ್ ಓದುತ್ತಿದ್ದ. ಹೆಂಡತಿ ದಾಕ್ಷಾಯಣಿ ಹಿತ್ತಲಿನಿಂದ ಓಡಿಬಂದು ಒಲೆ ಆರಿಸಿದಳು. "ವಾಸನಿ ಬರಲಿಲ್ಲೇನ್ರಿ?" ಎಂದು ಕೇಳಿದಳು. ಅವನು ತಲೆ ಎತ್ತಿ ಒಮ್ಮೆ ಪಾತ್ರೆಯನ್ನು, ಒಮ್ಮೆ ಅವಳನ್ನು ನೋಡಿದ. ಇಬ್ಬರಿಗೂ ಸಂಗತಿ ತಿಳಿದದ್ದು ಆಗಲೇ.

ಮೂಗಿನೊಳಗೆ ದುರ್ಮಾಂಸ ಬೆಳೆದಿದೆ ಎಂದು ವಿಜಯಪುರದ ಡಾಕ್ಟರು ಹೇಳಿದರು. ಆಪರೇಶನ್ ಆಯಿತು. ಕೆಲವು ತಿಂಗಳು ಮೂಗು ಬಿಟ್ಟುಕೊಂಡಿತು, ಆಮೇಲೆ ಮತ್ತೆ ಬೆಳೆಯಿತು. ಅದರ ಬೆನ್ನಿಗೇ ದಮ್ಮು ಬಂತು. ಏರು ಹತ್ತಿದರೆ ಎದೆಯಲ್ಲಿ ಸಿಳ್ಳು ಹಾಕಿದಂತೆ ಸಪ್ಪಳವಾಗುತ್ತಿತ್ತು. ಔಷಧ ಮಾಡಿ ಮಾಡಿ ಬೇಸತ್ತು, ಇದು ತನ್ನ ಜೊತೆಗೇ ಇರುವಂಥದ್ದು ಎಂದು ಅವನು ಸುಮ್ಮನಾದ.

ಅವರದು ದ್ರಾಕ್ಷಿ ತೋಟ. ಹಣ್ಣನ್ನು ಶೆಡ್ಡಿನ ಬಲೆಗಳ ಮೇಲೆ ಒಣಗಿಸಿ, ಬಣ್ಣ ಕೆಡದಿರಲೆಂದು ಗಂಧಕದ ಹೊಗೆ ಕೊಟ್ಟು, ಸಾಂಗ್ಲಿ ಕಡೆಯ ವ್ಯಾಪಾರಿಗಳಿಗೆ ಮಾರುತ್ತಿದ್ದರು. ಆ ಸೀಮೆಯಲ್ಲಿ ಒಣದ್ರಾಕ್ಷಿಗೆ ಬೇದಾಣಾ ಎನ್ನುತ್ತಾರೆ. ಬೇದಾಣಾ ಮಾಡುವವನಿಗೆ ಕಣ್ಣಿನಷ್ಟೇ ಮೂಗೂ ಬೇಕು. ಒಳಗೆ ತೇವ ಉಳಿದ ಹಣ್ಣು ನೋಡಲು ಚೆನ್ನಾಗಿದ್ದರೂ ತುಸು ಹುಳಿ ನಾತ ಬೀರುತ್ತದೆ. ಹೊಗೆ ಹೆಚ್ಚಾದರೆ ಬೇರೆಯ ಘಾಟು. ಇದೊಂದೂ ಶಿವಶರಣನಿಗೆ ತಿಳಿಯುತ್ತಿರಲಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಒಂದು ಮುಷ್ಟಿ ಹಣ್ಣು ತಂದು ಹೆಂಡತಿಯ ಮುಂದೆ ಅಂಗೈ ಚಾಚುತ್ತಿದ್ದ. ದಾಕ್ಷಾಯಣಿ ಬಗ್ಗಿ ಮೂಸಿ ಹೂಂ ಎನ್ನುತ್ತಿದ್ದಳು, ಇಲ್ಲವೆ ತಲೆಯಾಡಿಸುತ್ತಿದ್ದಳು. ವ್ಯಾಪಾರಿಗಳು ಬಂದಾಗ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಅವಳು ಕೆಮ್ಮಿದರೆ ಮಾಲಿನಲ್ಲಿ ಏನೋ ಊನವಿದೆ ಎಂದು ಅವನು ಮಾತು ಬದಲಿಸುತ್ತಿದ್ದ. ಗಂಡನಿಗೆ ಮೂಗಿಲ್ಲವೆಂಬುದು ಪೇಟೆಯಲ್ಲಿ ಯಾರಿಗೂ ಗೊತ್ತಾಗದಂತೆ ಅವಳು ಕಾಪಾಡಿಕೊಂಡು ಬಂದಿದ್ದಳು.

ಅಷ್ಟೇ ಅಲ್ಲ. ಪಲ್ಯ ಹಳಸಿದೆಯೋ, ಅಂಗಿ ಬೆವರು ನಾರುತ್ತಿದೆಯೋ, ಗ್ಯಾಸಿನ ನಳಿಕೆ ಸೋರುತ್ತಿದೆಯೋ, ಎಲ್ಲವನ್ನೂ ಅವನು ಅವಳನ್ನು ಕೇಳಿಯೇ ತಿಳಿಯಬೇಕಿತ್ತು. ಮಗಳು ಸೃಷ್ಟಿ ಓದಲು ಸಾಂಗ್ಲಿಯ ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದರು. ಓಣಿಯ ಹೆಂಗಸರು ತಮ್ಮ ಗಂಡಂದಿರು ತಮ್ಮನ್ನು ಒಂದು ಮಾತೂ ಕೇಳುವುದಿಲ್ಲ ಎಂದು ದೂರುವಾಗ ದಾಕ್ಷಾಯಣಿ ಮಾತಾಡುತ್ತಿರಲಿಲ್ಲ. ತನ್ನನ್ನು ಕೇಳದೆ ತನ್ನ ಗಂಡ ಒಂದು ತುತ್ತೂ ಎತ್ತುವುದಿಲ್ಲವೆಂಬ ಸುಖ ಅವಳೊಬ್ಬಳದಾಗಿತ್ತು. ಅವನ ಕಾಯಿಲೆಯ ಬಗ್ಗೆ ಅವಳಿಗೆ ಮರುಕವಿರಲಿಲ್ಲವೆಂದಲ್ಲ. ಆದರೆ ಅದು ಹೋಗಲಿ ಎಂದು ದೇವರಲ್ಲಿ ಬೇಡಿಕೊಳ್ಳುವುದನ್ನು ಯಾವಾಗಲೋ ಬಿಟ್ಟಿದ್ದಳು.

ಹೀಗಿರುವಾಗ ಡಾಕ್ಟರ್ ಯೋಗಿತಾ ಊರಿಗೆ ಬಂದಳು.

ಅವಳು ಹೊರಗಿನವಳಲ್ಲ. ಬುದ್ಧವಿಹಾರದ ಪಕ್ಕದ ಮನೆಯ ಚಂದ್ರಾಬಾಯಿಯ ಮಗಳು. ಚಂದ್ರಾಬಾಯಿ ಹಲವು ವರ್ಷ ಶಿವಶರಣನ ತೋಟದಲ್ಲೇ ದ್ರಾಕ್ಷಿ ಕತ್ತರಿಸುವ ಕೆಲಸ ಮಾಡಿದವಳು. ಆಗ ಈ ಹುಡುಗಿ ಸಾಲೆ ಬಿಟ್ಟ ಮೇಲೆ ಬಂದು ಬಳ್ಳಿಯ ನೆರಳಲ್ಲಿ ಪುಸ್ತಕ ಹಿಡಿದು ಕೂಡುತ್ತಿದ್ದಳು. ಈಗ ಮಿರಜ ಕಡೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ದಮ್ಮು, ಅಲರ್ಜಿ, ಮೂಗಿನ ಹಳೆಯ ಬೇನೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬೇದಾಣಾ ಶೆಡ್ಡುಗಳಿರುವ ಊರುಗಳಲ್ಲಿ ಇಷ್ಟೊಂದು ಜನರಿಗೆ ಮೂಗು ಕಟ್ಟುವುದೇಕೆ, ಉಸಿರು ಹಿಡಿಯುವುದೇಕೆ ಎಂದು ಕಂಡುಹಿಡಿಯಲು ಬಂದಿದ್ದಳು. ಒಂದು ಮಂಗಳವಾರ ಬಿಟ್ಟು ಒಂದು ಮಂಗಳವಾರ ಅವಳ ವ್ಯಾನು ಕನ್ನಡ ಸಾಲೆಯ ಮುಂದೆ ನಿಲ್ಲುತ್ತಿತ್ತು. ಒಂದು ಕೋಣೆಯಲ್ಲಿ ಜನರನ್ನು ಕೂರಿಸಿ ಕೊಳವೆಯಲ್ಲಿ ಊದಿಸುತ್ತಿದ್ದಳು. ತೋಳಿನ ಮೇಲೆ ಸಾಲಾಗಿ ಹನಿ ಇಟ್ಟು ಸೂಜಿಯಿಂದ ಚುಚ್ಚಿ, ಯಾವುದಕ್ಕೆ ಚರ್ಮ ಉಬ್ಬುತ್ತದೆಂದು ನೋಡುತ್ತಿದ್ದಳು. ಸಣ್ಣ ಶೀಶೆಗಳನ್ನು ಮೂಗಿಗೆ ಹಿಡಿದು ಇದು ಏನು ಎಂದು ಕೇಳುತ್ತಿದ್ದಳು.

ಶಿವಶರಣ ಹೋಗಿ ಬಂದ. ಅವನ ಮೂಗನ್ನು ದುರ್ಬೀನು ಹಾಕಿ ನೋಡಿದ ಯೋಗಿತಾ, ನಿಮ್ಮ ಮನೆಯನ್ನೊಮ್ಮೆ ನೋಡಬೇಕು ಎಂದಳಂತೆ. ಮರುದಿನವೇ ಬಂದಳು. ದಾಕ್ಷಾಯಣಿ ಅವಳನ್ನು ಬಾಗಿಲಲ್ಲಿ ಕಂಡಾಗ ಒಂದು ಗಳಿಗೆ ಏನು ಮಾಡಬೇಕೆಂದು ತೋಚದೆ ನಿಂತಳು. ಚಂದ್ರಾಬಾಯಿ ಆ ಮನೆಯಲ್ಲಿ ಯಾವಾಗಲೂ ಕಟ್ಟೆಯ ಮೇಲೆ ಕೂತು, ಗೂಡಿನಲ್ಲಿ ಬೇರೆ ಇಟ್ಟ ಕಪ್ಪಿನಲ್ಲಿ ಚಹಾ ಕುಡಿದವಳು. ಶಿವಶರಣ ಒಳಗಿನಿಂದ ಖುರ್ಚಿಯನ್ನು ತಾನೇ ಎತ್ತಿಕೊಂಡು ಬಂದು ಪಡಸಾಲೆಯ ನಡುವೆ ಇಟ್ಟು, "ಕುಂದ್ರಿ ಮ್ಯಾಡಂ" ಎಂದ. ದಾಕ್ಷಾಯಣಿ ಚಹಾ ತಂದಳು. ಒಳ್ಳೆಯ ಕಪ್ಪಿನಲ್ಲೇ ತಂದಳು. ಆದರೆ ಕಪಾಟಿನ ಮುಂದೆ ತಾನು ಎಷ್ಟು ಹೊತ್ತು ನಿಂತೆನೆಂಬುದು ಅವಳಿಗೆ ಗೊತ್ತಿತ್ತು. ಯೋಗಿತಾಳಿಗೂ ಗೊತ್ತಾಗಿರಬೇಕು. ಅವಳು ಅತ್ತಿಗೆಯೆಂದೇ ಕರೆದು, "ವೈನಿ, ಚಹಾ ಭಾಳ ಚಲೋ ಆಗ್ಯಾದ" ಎಂದಳು.

ಆಮೇಲೆ ಮಲಗುವ ಕೋಣೆಗೆ ಹೋಗಿ ಹಾಸಿಗೆ, ಕಂಬಳಿ, ಗೋಡೆಯ ತೇವ ಎಲ್ಲವನ್ನೂ ನೋಡಿದಳು. ಮಾಡಗ್ಯಾಳದ ಕುರಿ ಉಣ್ಣೆಯ ಆ ಹಳೆಯ ಕಂಬಳಿ ದಾಕ್ಷಾಯಣಿಯ ತವರಿನದು. ಅದನ್ನು ಬೇರೆ ಕೋಣೆಯಲ್ಲಿಡಿ, ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ಧೂಳಿನಲ್ಲಿ ಕಣ್ಣಿಗೆ ಕಾಣದ ಹುಳುಗಳಿರುತ್ತವೆ ಎಂದಳು. ಗಂಡ ತಕ್ಷಣ ಕಂಬಳಿ ಎತ್ತಿ ಹೊರಗೆ ತಂದ. ದಾಕ್ಷಾಯಣಿಗೆ ತನ್ನ ಕೋಣೆಯೊಳಗೆ ಬಂದು ಯಾರೋ ತನ್ನ ಪೆಟ್ಟಿಗೆ ಬಿಚ್ಚಿದಂತಾಯಿತು.

ಅಂದಿನಿಂದ ಆ ಮನೆಯಲ್ಲಿ ಮ್ಯಾಡಂ ಹೇಳಿದ್ದೇ ಮಾತಾಯಿತು. ಮ್ಯಾಡಂ ಹೇಳಿದ ಹಾಗೆ ಉಪ್ಪುನೀರಿನಿಂದ ಮೂಗು ತೊಳೆಯುವುದು, ಮ್ಯಾಡಂ ಕೊಟ್ಟ ಔಷಧವನ್ನು ಮೂಗಿಗೆ ಹೊಡೆದುಕೊಳ್ಳುವುದು, ದಮ್ಮಿನ ಪಂಪು ಬಾಯಿಗಿಟ್ಟು ಎಳೆದುಕೊಳ್ಳುವುದು. ಅನುಮಾನವಿದ್ದರೆ ಫೋನ್ ಮಾಡುತ್ತಿದ್ದ. ಹೆಂಡತಿ ಹೇಳಿದರೆ ಸ್ನಾನವನ್ನೂ ನಾಳೆಗೆ ತಳ್ಳುವ ಗಂಡಸು, ಮಂಗಳವಾರ ಬಂತೆಂದರೆ ಮುಂಜಾನೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿರುತ್ತಿದ್ದ. ದಾಕ್ಷಾಯಣಿಗೆ ಅವನ ನಡತೆಯ ಮೇಲೆ ಸಂಶಯವೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳು. ಇದು ಹೆಸರಿಟ್ಟು ಹೇಳಲಾಗದ ಉರಿ.

ಮೂರನೆಯ ಸಲ ಅವಳೂ ಜೊತೆಗೆ ಹೋದಳು. ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಳಗಿನ ಮಾತು ಕಿಟಕಿಯಿಂದ ಕೇಳುತ್ತಿತ್ತು.

"ವಾಸನಿ ಹೋಗಿದ್ದರಾಗ ನಿಮಗ ಎಲ್ಲಾಕಿಂತ ತ್ರಾಸ ಯಾವುದ್ರದ್ದು, ಅಣ್ಣಾರ?" ಎಂದು ಯೋಗಿತಾ ಕೇಳಿದಳು.

ಶಿವಶರಣ ಹೇಳಿದ: "ಊಟದ್ದಲ್ರಿ. ರುಚಿ ಇಲ್ಲದ ಉಣ್ಣೂದು ರೂಢಿ ಆತು. ದಿನಾ ಮುಂಜಾನಿ ಅಕಿ ಮುಂದ ಕೈ ಒಡ್ಡೂದು ಆಗವಲ್ದು. ಭಿಕ್ಷಾ ಬೇಡಿದಂಗ ಅನಸ್ತದ. ಅಕಿ ಹೂಂ ಅಂದ್ರ ನಂದೂ ಹೂಂ. ನನ್ನ ಮಾಲ ನನಗ ಗೊತ್ತಿಲ್ಲಂದ್ರ ನಾ ಏನ ಮನಷ್ಯಾರಿ?"

ದಾಕ್ಷಾಯಣಿ ಎದ್ದು ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ಕೈ ತೊಳೆದಳು. ಒಂಬತ್ತು ವರ್ಷ ತಾನು ಪ್ರೀತಿಯೆಂದು ತಿಳಿದು ಬಗ್ಗಿ ಮೂಸಿದ ಅಂಗೈ ಅವನಿಗೆ ಭಿಕ್ಷೆಯ ಕೈಯಾಗಿತ್ತು. ಅದಕ್ಕಿಂತ ಹೆಚ್ಚು ಕೊರೆದದ್ದು, ಆ ಮಾತನ್ನು ತನಗೆ ಹೇಳದೆ ಆ ಹುಡುಗಿಗೆ ಹೇಳಿದ್ದು. ಬರುವಾಗ ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಬಿಸಿಲಿಗೆ ತಲೆನೋವು ಬಂತೇನು ಎಂದು ಅವನು ಕೇಳಿದ. ಹೌದೆಂದಳು.

ಅವತ್ತು ಯೋಗಿತಾ ಇನ್ನೊಂದು ಸಂಗತಿಯನ್ನೂ ಹೇಳಿದ್ದಳು. ಹೊರಡುವ ಮೊದಲು ದಾಕ್ಷಾಯಣಿಯನ್ನು ಒಳಗೆ ಕರೆದು ಎದುರಿಗೆ ಕೂರಿಸಿಯೇ ಹೇಳಿದಳು. ಶೆಡ್ಡಿನವರೆಲ್ಲ ಉಸಿರು ಹಿಡಿಯುವುದು ಗಂಧಕದಿಂದ ಎನ್ನುತ್ತಾರೆ, ಅದು ಸುಳ್ಳಲ್ಲ. ಆದರೆ ಅದೇ ಸುಗ್ಗಿಯಲ್ಲಿ ಮೈಕೈ ನೋವಿಗೆಂದು ಎಲ್ಲರೂ ಅಂಗಡಿಯ ಗುಳಿಗೆ ನುಂಗುತ್ತಾರೆ. ಮೂಗಿನಲ್ಲಿ ದುರ್ಮಾಂಸವೂ ದಮ್ಮೂ ಎರಡೂ ಇರುವ ಕೆಲವರಿಗೆ ಆ ನೋವಿನ ಗುಳಿಗೆಯೇ ವೈರಿ. ನುಂಗಿದ ಸ್ವಲ್ಪ ಹೊತ್ತಿಗೆ ಮೂಗು ಸೋರುತ್ತದೆ, ಎದೆ ಬಿಗಿಯುತ್ತದೆ, ಜೀವಕ್ಕೂ ಎರವಾಗಬಹುದು. ಅವಳ ಸಂಶೋಧನೆ ಮುಖ್ಯವಾಗಿ ಇದರ ಮೇಲೆಯೇ ಇತ್ತು. ಶಿವಶರಣನ ಕಥೆ ಕೇಳಿದರೆ ಅವನೂ ಅಂಥವರಲ್ಲಿ ಒಬ್ಬನೆಂದು ಅವಳಿಗೆ ಅನ್ನಿಸಿತ್ತು. ಆ ಗುಳಿಗೆ ಮನೆಯಲ್ಲಿಡಲೇ ಬೇಡಿ, ನೋವಾದರೆ ನನ್ನನ್ನು ಕೇಳಿ, ಬೇರೆ ಕೊಡುತ್ತೇನೆ ಎಂದಳು.

ದಾಕ್ಷಾಯಣಿ ತಲೆಯಾಡಿಸಿದಳು. ತಲೆನೋವಿಗೆ, ಸೊಂಟನೋವಿಗೆ ಗಂಡನಿಗೆ ಗುಳಿಗೆ ಕೊಟ್ಟವಳು ಅವಳೇ. ಕೊಟ್ಟ ಸಂಜೆ ಅವನಿಗೆ ಉಸಿರು ಹಿಡಿದದ್ದೂ ಉಂಟು. ಅದು ಶೆಡ್ಡಿನ ಹೊಗೆಯಿಂದ ಎಂದೇ ಅವಳು ನಂಬಿದ್ದಳು. ಈಗ ಈ ಹುಡುಗಿ, ಇಷ್ಟು ವರ್ಷ ನೀನೇ ಗಂಡನಿಗೆ ರೋಗ ಕೊಟ್ಟೆ ಎನ್ನುತ್ತಿದ್ದಾಳೆಂದು ಅವಳಿಗೆ ಕೇಳಿಸಿತು. ಗುಳಿಗೆಯ ಹಾಳೆಯನ್ನು ಎಸೆಯಲಿಲ್ಲ. ಸಕ್ಕರೆ ಡಬ್ಬಿಯ ಹಿಂದೆ ಸರಿಸಿಟ್ಟಳು.

ಮಾಘ ಕಳೆದು ತೋಟದಲ್ಲಿ ಹಣ್ಣಿಗೆ ಕತ್ತರಿ ಬಿದ್ದ ಹೊತ್ತಿಗೆ ಶಿವಶರಣನ ಮೂಗು ತೆರೆಯಿತು. ಅದು ತೆರೆದದ್ದು ಸಾಲೆಯ ಆ ಕೋಣೆಯಲ್ಲಿ. ಶೀಶೆ ಹಿಡಿದು ಇದೇನು ಎಂದು ಯೋಗಿತಾ ಕೇಳಿದಾಗ, ಎಂದಿನಂತೆ ಗೊತ್ತಾಗುವುದಿಲ್ಲ ಎನ್ನಲು ಬಾಯಿ ತೆರೆದವನು ಹಾಗೇ ನಿಂತು, ಲವಂಗ ಎಂದನಂತೆ. ಹೇಳಿ ಅತ್ತನಂತೆ. ಇದನ್ನೆಲ್ಲ ಅವನೇ ಮನೆಗೆ ಬಂದು ಹೇಳಿದ. ಮ್ಯಾಡಂ ಕಣ್ಣಲ್ಲೂ ನೀರು ಬಂತು ಎಂದ. ದಾಕ್ಷಾಯಣಿ ಹಿಟ್ಟು ನಾದುತ್ತಿದ್ದಳು. ತನ್ನ ರೊಟ್ಟಿಯ ವಾಸನೆಗೆ ತೆರೆಯಬೇಕಾಗಿದ್ದ ಮೂಗು ಪರರ ಶೀಶೆಗೆ ತೆರೆದಿತ್ತು. ಅವಳು ನಕ್ಕಳು, ದೇವರು ದೊಡ್ಡವನು ಎಂದಳು. ಆಮೇಲೆ ಅವನ ಎದುರಿಗಿರಲಾಗದೆ ಕೊಡ ಎತ್ತಿಕೊಂಡು ತುಂಬಿದ ಹಂಡೆಗೇ ಮತ್ತೆ ನೀರು ತರಲು ಹೋದಳು.

ಅವನು ಮಗುವಿನಂತಾದ. ಮಣ್ಣು ಮೂಸಿದ, ಎಮ್ಮೆಯ ಮೈ ಮೂಸಿದ, ಮಗಳಿಗೆ ಫೋನ್ ಮಾಡಿ ಕೊತ್ತಂಬರಿಯ ವಾಸನೆ ಬರುತ್ತಿದೆ ಎಂದ. ಒಂದು ಮಧ್ಯಾಹ್ನ ಉಣ್ಣಲು ಕೂತವನು ಶೇಂಗಾ ಚಟ್ನಿಯನ್ನು ಮೂಗಿಗೆ ಹಿಡಿದು, "ಎಣ್ಣಿ ಕಮಟು ಆಗ್ಯಾದಲ್ಲ" ಎಂದ. ಬೈಗುಳವಲ್ಲ, ಕಂಡದ್ದನ್ನು ಹೇಳಿದ್ದು. ಗೊತ್ತಾಯಿತಲ್ಲ ಎಂಬ ಖುಷಿಯಲ್ಲೇ ಹೇಳಿದ್ದು. ಆದರೆ ದಾಕ್ಷಾಯಣಿಗೆ ಕಿವಿಯವರೆಗೆ ಬಿಸಿಯಾಯಿತು. ಒಂಬತ್ತು ವರ್ಷ ಅವಳ ಅಡುಗೆಯಲ್ಲಿ ಒಂದು ಕುಂದು ಹೇಳಿದವನಲ್ಲ. ಅದಕ್ಕಿಂತ ದೊಡ್ಡದು ಮರುವಾರ ನಡೆಯಿತು. ವ್ಯಾಪಾರಿ ತುಕಾರಾಮ ಮಾಲು ನೋಡಲು ಬಂದ. ದಾಕ್ಷಾಯಣಿ ರೂಢಿಯಂತೆ ಬಾಗಿಲ ಮರೆಗೆ ಬಂದು ನಿಂತಳು. ಶಿವಶರಣ ಒಂದು ಮುಷ್ಟಿ ಎತ್ತಿ ತಾನೇ ಮೂಸಿ, ಇದನ್ನು ಇನ್ನೆರಡು ದಿನ ಬಿಡಬೇಕು, ಆ ಕಡೆಯದು ತಯಾರಿದೆ ಎಂದ. ಸರಿಯಾಗಿಯೇ ಹೇಳಿದ. ಹಿಂತಿರುಗಿ ನೋಡಲಿಲ್ಲ. ಅವಳು ಅಲ್ಲಿ ನಿಂತಿರುವುದೇ ಅವನಿಗೆ ನೆನಪಿರಲಿಲ್ಲ. ಕೆಮ್ಮಲು ಸಹ ಕಾರಣವಿಲ್ಲದೆ ಅವಳು ಒಳಗೆ ಹೋದಳು.

ಸುಗ್ಗಿ ಜೋರಾಗಿದ್ದ ಒಂದು ಮಂಗಳವಾರ ಕ್ರೇಟು ಎತ್ತುವಾಗ ಶಿವಶರಣನ ಬೆನ್ನು ಹಿಡಿಯಿತು. ಗೋಡೆ ಹಿಡಿದುಕೊಂಡು ಮನೆಗೆ ಬಂದ. ಯೋಗಿತಾ ನೋವಿಗೆಂದು ಕೊಟ್ಟಿದ್ದ ಗುಳಿಗೆಗಳು ಮುಗಿದಿದ್ದವು. ಅವನು ಮತ್ತೆ ಚಪ್ಪಲಿ ಮೆಟ್ಟುತ್ತ, "ಹ್ಯಾಂಗೂ ಇವತ್ತ ಮ್ಯಾಡಂ ಸಾಲ್ಯಾಗ ಅದಾರ. ಹೋಗಿ ಕೇಳಿ ತರ್ತೀನಿ" ಎಂದ.

ನೆಟ್ಟಗೆ ನಿಲ್ಲಲಾರದವನು ಬಿಸಿಲಲ್ಲಿ ಸಾಲೆಯವರೆಗೆ ನಡೆದು ಹೊರಟಿದ್ದ. ದಾಕ್ಷಾಯಣಿ ಅವನನ್ನು ನೋಡಿದಳು. ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದ.

"ತಡೀರಿ, ಮನ್ಯಾಗ ಒಂದ ಅದ" ಎಂದಳು.

ಒಳಗೆ ಹೋಗಿ ಸಕ್ಕರೆ ಡಬ್ಬಿ ಸರಿಸಿದಳು. ಯಾವ ಗುಳಿಗೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಕೇಡಾಗಲಿ ಎಂದು ಅವಳು ಬಯಸಲಿಲ್ಲ. ಏನೂ ಆಗುವುದಿಲ್ಲ ಎಂದೇ ನಂಬಿದ್ದಳು, ಹಾಗೆ ನಂಬಬೇಕೆಂದು ಹಟ ಹಿಡಿದಿದ್ದಳು. ಏನೂ ಆಗದಿದ್ದರೆ ನಾಳೆ ಹೇಳಬಹುದಿತ್ತು: ನೋಡ್ರಿ, ನಿಮ್ಮ ಮ್ಯಾಡಂ ಬೇಡ ಅಂದ ಗುಳಿಗೆಯೇ ನಿಮ್ಮ ಬೆನ್ನು ಬಿಡಿಸಿತು. ಆ ಹುಡುಗಿಯ ಒಂದು ಮಾತಾದರೂ ಸುಳ್ಳಾಗಲಿ ಎಂಬ ಆಸೆ ಅವಳ ಕೈಯನ್ನು ನಡೆಸಿತು. ಗುಳಿಗೆ ಬಿಡಿಸಿ, ನೀರಿನ ಲೋಟದ ಜೊತೆ ಅಂಗೈಯಲ್ಲಿಟ್ಟು ಚಾಚಿದಳು. ಅವನು ನೋಡದೆ ನುಂಗಿ ಮಂಚದ ಮೇಲೆ ಒರಗಿದ.

ಅವಳು ಅಡುಗೆಮನೆಯಲ್ಲಿ ಬೇಳೆಗೆ ಒಗ್ಗರಣೆ ಹಾಕುತ್ತಿದ್ದಾಗ ಒಂದರ ಹಿಂದೊಂದು ಸೀನು ಕೇಳಿಸಿತು. ಮೊದಲು ಒಗ್ಗರಣೆಗೆ ಎಂದುಕೊಂಡಳು. ಬಂದು ನೋಡಿದರೆ ಅವನ ಮುಖ, ಕಣ್ಣು ಕೆಂಪಗಾಗಿ ಮೂಗು ನೀರಿನಂತೆ ಸೋರುತ್ತಿತ್ತು. ಪಂಪಿಗಾಗಿ ತಡಕಾಡುತ್ತಿದ್ದ. ಅವಳು ಕೈಗಿತ್ತಳು. ಎರಡು ಸಲ ಎಳೆದ, ಮತ್ತೆರಡು ಸಲ. ಎದೆ ಮೇಲೇಳುತ್ತಿತ್ತು, ಇಳಿಯುತ್ತಿರಲಿಲ್ಲ. ಮಾತಾಡಲು ಹೋದ, ಒಂದು ಅಕ್ಷರದ ನಂತರ ಇನ್ನೊಂದು ಬರಲಿಲ್ಲ. ತುಟಿ ಬಣ್ಣ ಬದಲಿಸುವುದನ್ನು ಕಂಡು ಅವಳು ಬೀದಿಗೆ ಓಡಿದಳು. ನೆರೆಮನೆಯ ಮುರಗೆಪ್ಪ ತನ್ನ ಮೂರು ಗಾಲಿಯ ಟಂಟಂಗೆ ಹಣ್ಣಿನ ಕ್ರೇಟು ಹೇರುತ್ತಿದ್ದ. ಕ್ರೇಟುಗಳನ್ನು ಕೆಳಗೆ ಎಳೆದುಹಾಕಿ ಇಬ್ಬರೂ ಸೇರಿ ಶಿವಶರಣನನ್ನು ಹತ್ತಿಸಿದರು.

ದೊಡ್ಡ ಆಸ್ಪತ್ರೆಯಿದ್ದ ಜತ್ತ ದೂರ. ಸಾಲೆ ಹತ್ತಿರ. ಎಲ್ಲಿಗೆ ಎಂದು ಮುರಗೆಪ್ಪ ಕೇಳಿದಾಗ ದಾಕ್ಷಾಯಣಿ, "ಡಾಕ್ಟರ ಕಡೆ" ಎಂದಳು.

ಯೋಗಿತಾ ಓಡಿಬಂದು ಟಂಟಂನಲ್ಲೇ ಅವನ ಎದೆಗೆ ನಳಿಕೆ ಇಟ್ಟು ನೋಡಿದಳು. ಜೊತೆಯವರು ವ್ಯಾನಿನಿಂದ ಆಕ್ಸಿಜನ್ ತಂದರು. ಸೂಜಿ ಚುಚ್ಚಿದಳು, ಮುಖಕ್ಕೆ ಔಷಧದ ಹೊಗೆ ಬರುವ ಮುಖವಾಡ ಕಟ್ಟಿದಳು. ಕೈ ಕೆಲಸ ಮಾಡುತ್ತಿದ್ದಂತೆಯೇ ತಲೆ ಎತ್ತದೆ ಕೇಳಿದಳು: "ಏನ ತಗೊಂಡಾರ ವೈನಿ? ಶೆಡ್ಡಿನ್ಯಾಗ ಇದ್ರೇನು?"

ಶೆಡ್ಡಿನಲ್ಲಿದ್ದರು ಎಂದರೆ ಸಾಕಿತ್ತು. ಅಲ್ಲಿ ಹೊಗೆಯೂ ಇತ್ತು. ಯಾರೂ ಸಂಶಯಪಡುತ್ತಿರಲಿಲ್ಲ. ದಾಕ್ಷಾಯಣಿ ಗಂಡನ ಕಾಲನ್ನು ಹಿಡಿದುಕೊಂಡಿದ್ದಳು. ಅದು ತಣ್ಣಗಿತ್ತು.

"ಗುಳಗಿ ಕೊಟ್ಟೆ" ಎಂದಳು. "ನೀವು ಬ್ಯಾಡ ಅಂದಿದ್ರಲ್ಲ, ಅದನ್ನ."

ಯೋಗಿತಾ ಒಮ್ಮೆ ಅವಳ ಕಡೆ ನೋಡಿದಳು. ಆಮೇಲೆ ಸಹಾಯಕನಿಗೆ ಇನ್ನೊಂದು ಔಷಧದ ಹೆಸರು ಹೇಳಿದಳು.

ವ್ಯಾನಿನಲ್ಲಿ ಜತ್ತದ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಯೋಗಿತಾ ಅವನ ತಲೆಯ ಹತ್ತಿರ ಮೊಣಕಾಲೂರಿ ಕೂತಿದ್ದಳು. ದಾಕ್ಷಾಯಣಿ ಕಾಲ ಬಳಿ ಕೂತು ಆ ಎದೆಯನ್ನೇ ನೋಡುತ್ತಿದ್ದಳು. ಆ ಹುಡುಗಿಯ ಕೈ ಗಂಡನ ಹಣೆಯ ಮೇಲಿರುವುದನ್ನು ಕಂಡಳು. ಈಗಲೂ ಒಳಗೆ ಏನೋ ಚುಚ್ಚಿತು. ಇಂಥ ಹೊತ್ತಿನಲ್ಲೂ ಚುಚ್ಚಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು.

ಸಂಜೆಯ ಹೊತ್ತಿಗೆ ಶಿವಶರಣನ ಉಸಿರು ಹಗುರಾಯಿತು. ನಿದ್ದೆ ಹೋದ. ಯೋಗಿತಾ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಅವಳ ಕುತ್ತಿಗೆ ಬೆವರಿತ್ತು. ಇನ್ನು ಭಯವಿಲ್ಲ ಎಂದಳು. ಬೆವರು ಒರೆಸಿಕೊಂಡು ಹೇಳಿದಳು: "ಸಿಟ್ಟ ನನ್ನ ಮ್ಯಾಲ ಇತ್ತಲ್ರಿ ವೈನಿ. ನನಗ ಬೈಬೇಕಿತ್ತು. ಅವರಿಗ್ಯಾಕ ಕೊಟ್ರಿ?"

ಇವಳಿಗೆ ಎಲ್ಲ ಗೊತ್ತಿತ್ತೆಂಬುದೇ ದಾಕ್ಷಾಯಣಿಗೆ ಹೊಸದು. ಕಪಾಟಿನ ಮುಂದೆ ನಿಂತ ಆ ಗಳಿಗೆಯಿಂದ ಹಿಡಿದು ಎಲ್ಲ ಗೊತ್ತಿತ್ತು. ಯೋಗಿತಾ ಕೊನೆಗೆ, ಗುಳಿಗೆಯಿಂದ ಆಯಿತು ಎಂದಷ್ಟೇ ಅವರಿಗೆ ಹೇಳುತ್ತೇನೆ, ಉಳಿದದ್ದನ್ನು ಹೇಳುವುದು ಬಿಡುವುದು ನಿಮ್ಮದು ಎಂದು ಒಳಗೆ ಹೋದಳು. ಅವಳ ದನಿಯಲ್ಲಿ ಕ್ಷಮೆಯೇನೂ ಇರಲಿಲ್ಲ.

ಮೂರು ದಿನಕ್ಕೆ ಮನೆಗೆ ಬಂದರು. ಬಂದ ಮರುಬೆಳಿಗ್ಗೆ ಶಿವಶರಣ ಚಹಾದ ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಸುಮ್ಮನೆ ಕೂತಿದ್ದ. ಆಮೇಲೆ, "ಮತ್ತ ಹೋತು. ಏನೂ ಬರವಲ್ದು" ಎಂದ.

ಆ ಮಾತು ಕೇಳಿ ದಾಕ್ಷಾಯಣಿಯ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಮಿಂಚಿನಷ್ಟು ಹೊತ್ತು, ಆದರೆ ಸಂತೋಷವೇ. ಇನ್ನು ಅಂಗೈ ಮತ್ತೆ ತನ್ನ ಮುಂದೆ ಬರುತ್ತದೆ ಎಂಬ ಸಂತೋಷ. ಅದು ಬಂದು ಹೋದ ಮೇಲೆ ಅವಳಿಗೆ ಹೆದರಿಕೆಯಾಯಿತು. ತನ್ನೊಳಗೆ ಇಂಥದ್ದು ಕೂತಿದೆಯೆಂದ ಮೇಲೆ ಈ ಮನುಷ್ಯ ತನ್ನ ಕೈಯಿಂದ ಹೇಗೆ ಉಣ್ಣುವುದು? ಅವನ ಎದುರಿಗೆ ನೆಲದ ಮೇಲೆ ಕೂತು ಹೇಳಿಬಿಟ್ಟಳು. ಗುಳಿಗೆ ಮರೆತು ಕೊಟ್ಟದ್ದಲ್ಲ, ಗೊತ್ತಿದ್ದೂ ಕೊಟ್ಟದ್ದು ಎಂದಳು. ಕಿಟಕಿಯಿಂದ ಕೇಳಿಸಿಕೊಂಡ ಮಾತನ್ನೂ ಹೇಳಿದಳು, ಲವಂಗದ ಮಾತನ್ನೂ ಹೇಳಿದಳು.

ಅವನು ಕಪ್ಪನ್ನು ಕೆಳಗಿಟ್ಟ. ಚಹಾ ಆರಿ ಕೆನೆಗಟ್ಟಿತು.

"ಒಂಬತ್ತು ವರ್ಷ ನೀ ನೀಡಿದ್ದು ಉಂಡೀನಿ" ಎಂದ ಕೊನೆಗೆ. "ಹಳಸ್ಯಾದೋ, ವಿಷಾನೋ, ನನಗೇನ ಗೊತ್ತಾಗತಿತ್ತು? ಒಂದ ದಿನ ಸಂಶೇ ಬಂದಿರಲಿಲ್ಲ."

ಅವಳು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಆಮೇಲಿನ ದಿನಗಳು ಹಾಗೇ ನಡೆದವು. ಅವನು ಬೈಯಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ, ಮಗಳಿಗೆ ಹೇಳಲಿಲ್ಲ. ಆದರೆ ತಾಟು ಮುಂದಿಟ್ಟಾಗ ಪ್ರತಿಸಲ ಅದನ್ನು ಎತ್ತಿ ಮೂಗಿಗೆ ಹಿಡಿಯುತ್ತಿದ್ದ. ಏನೂ ತಿಳಿಯದ ಮೂಗಿಗೆ. ಆಮೇಲೆ ಕೆಳಗಿಟ್ಟು ಉಣ್ಣುತ್ತಿದ್ದ. ದಾಕ್ಷಾಯಣಿ ಅದನ್ನು ನೋಡುತ್ತ ಕೂಡುತ್ತಿದ್ದಳು. ಆಸ್ಪತ್ರೆಯಿಂದ ಬಂದ ದಿನವೇ ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಅವಳು ಮಣ್ಣು ಮಾಡಿದ್ದಳು. ಬೆಳಿಗ್ಗೆ ನೀರು ಕುದಿಸಿ ಆರಿಸಿ, ಉಪ್ಪು ಬೆರೆಸಿ, ಮೂಗು ತೊಳೆಯುವ ಬಾಟಲಿಯನ್ನು ಬಚ್ಚಲ ಕಟ್ಟೆಯ ಮೇಲಿಡುತ್ತಿದ್ದಳು. ಮೊದಲ ವಾರ ಅವನು ಅದನ್ನು ಮುಟ್ಟದೆ ಬೇರೆ ಮಾಡಿಕೊಂಡ. ಎರಡನೆಯ ವಾರ ಅದನ್ನೇ ಎತ್ತಿಕೊಂಡ.

ವ್ಯಾನು ಬರುವ ಮುಂದಿನ ಮಂಗಳವಾರ ಅವನು ಮೋಟಾರ್ ಸೈಕಲ್ ತೆಗೆದುಕೊಂಡು ಒಬ್ಬನೇ ಸಾಲೆಗೆ ಹೋದ. ದಾಕ್ಷಾಯಣಿ ಹಿಂದಿನಿಂದ ನಡೆದುಕೊಂಡು ಹೋದಳು. ಯೋಗಿತಾ ಶೆಡ್ಡಿನ ಹೆಂಗಸರನ್ನೆಲ್ಲ ಕೂರಿಸಿಕೊಂಡು ಅದೇ ಗುಳಿಗೆಯ ಬಗ್ಗೆ ಹೇಳುತ್ತಿದ್ದಳು. ಹೆಸರು ಯಾರದೂ ಎತ್ತಿರಲಿಲ್ಲ. ಹೆಂಗಸರು ನಂಬುತ್ತಿರಲಿಲ್ಲ. ಸುಗ್ಗಿಯಲ್ಲಿ ದಿನಾ ನುಂಗುತ್ತೇವೆ, ಯಾರಿಗೆ ಏನಾಗಿದೆ ಎಂದು ಒಬ್ಬಳು ನಕ್ಕಳು. ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಿ, "ನಮ್ಮ ಮನ್ಯಾಗ ಆಗ್ಯಾದ" ಎಂದಳು. "ಇಕಿ ಬ್ಯಾಡ ಅಂದಿದ್ಲು. ನಾನ ಕೊಟ್ಟೆ. ಜೀವ ಹೋಗಿ ಬಂತು." ಎಲ್ಲರೂ ತಿರುಗಿ ನೋಡಿದರು. ಮೂಲೆಯಲ್ಲಿ ಮಗಳಿಗೆ ಸಹಾಯಕ್ಕೆಂದು ಬಂದು ಕೂತಿದ್ದ ಚಂದ್ರಾಬಾಯಿ ಎದ್ದು ಪಕ್ಕಕ್ಕೆ ಸರಿದು, ಬೆಂಚಿನಲ್ಲಿ ಜಾಗ ಮಾಡಿದಳು. ದಾಕ್ಷಾಯಣಿ ಹೋಗಿ ಅವಳ ಮಗ್ಗುಲಿಗೆ ಕೂತಳು. ಬರುವಾಗ ಶಿವಶರಣ ಸಾಲೆಯ ಗೇಟಿನ ಹೊರಗೆ ಗಾಡಿ ಚಾಲೂ ಮಾಡಿಕೊಂಡು ನಿಂತಿದ್ದ. ಅವಳು ಹತ್ತಿದ ಮೇಲೆಯೇ ಹೊರಟ.

ಹೊಟ್ಟೆಕಿಚ್ಚು ಅಲ್ಲಿಗೆ ಮುಗಿಯಲಿಲ್ಲ. ಯೋಗಿತಾಳ ಫೋನ್ ಬಂದಾಗ ಗಂಡನ ದನಿ ಬದಲಾಗುವುದು ಅವಳಿಗೆ ಈಗಲೂ ಕೇಳುತ್ತಿತ್ತು. ಆದರೆ ಈಗ ಅವಳು ಕೊಡ ಎತ್ತಿಕೊಂಡು ಹೊರಗೆ ಹೋಗುತ್ತಿರಲಿಲ್ಲ. ಅವನು ಮಾತು ಮುಗಿಸಿದ ಮೇಲೆ ಕೈಚಾಚಿ ಫೋನ್ ಇಸಿದುಕೊಂಡು ತಾನೂ ಕೇಳುತ್ತಿದ್ದಳು: ಔಷಧ ಎಷ್ಟು ದಿನ, ರಾತ್ರಿ ಕೆಮ್ಮು ಬಂದರೆ ಏನು ಮಾಡಬೇಕು. ಮಳೆ ಬಿದ್ದ ಹೊತ್ತಿಗೆ ಶಿವಶರಣನ ಮೂಗು ಮತ್ತೆ ಒಂದಿಷ್ಟು ತೆರೆಯಿತು. ಮೊದಲಿನಷ್ಟಲ್ಲ. ಕೆಲವು ದಿನ ಬರುತ್ತಿತ್ತು, ಕೆಲವು ದಿನ ಇಲ್ಲ. ತಾಟನ್ನು ಮೂಗಿಗೆ ಹಿಡಿಯುವುದನ್ನು ಅವನು ಯಾವಾಗ ಬಿಟ್ಟನೋ ಅವಳಿಗೆ ನೆನಪಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಇಬ್ಬರೂ ಜತ್ತದಿಂದ ಗಾಡಿಯಲ್ಲಿ ಬರುತ್ತಿದ್ದರು. ಹೊಲಗಳಲ್ಲಿ ಶೇಂಗಾ ಕಿತ್ತು ಗುಂಪಿ ಹಾಕಿದ್ದರು. ಶಿವಶರಣ ವೇಗ ತಗ್ಗಿಸಿ ಮುಖ ಎತ್ತಿದ.

"ಯಾರೋ ಹಸಿ ಶೇಂಗಾ ಸುಡ್ಲಾಕತ್ತಾರ" ಎಂದ.

ದಾಕ್ಷಾಯಣಿ ಉಸಿರೆಳೆದುಕೊಂಡು ನೋಡಿದಳು. ಗಾಳಿ, ಧೂಳು, ಅವನ ಅಂಗಿ, ಅಷ್ಟೇ. ಬರುತ್ತದೆ ಎಂದು ಸುಳ್ಳು ಹೇಳಬೇಕೆನ್ನಿಸಿತು. ಇಲ್ಲ, ನಿಮಗೆ ಭ್ರಮೆ ಎನ್ನಬೇಕೆಂದೂ ಅನ್ನಿಸಿತು.

"ನನಗ ಬರವಲ್ದು" ಎಂದಳು.

"ತಡಿ, ಬರ್ತದ" ಎಂದು ಅವನು ಗಾಡಿ ಮುಂದೆ ಬಿಟ್ಟ. ತಿರುವು ದಾಟಿದರೆ ಬದುವಿನ ಮೇಲೆ ನಾಲ್ಕೈದು ಜನ ಬೆಂಕಿಯ ಸುತ್ತ ಕುಳಿತಿದ್ದರು.